ಗಾಲ್ಫ್ ವರದಿಗೆ ಹೊರಟ ತಂಗಿಗೆ

ತಂಗೀ,

ನಿನ್ನ ಮೆಸೇಜ್ ನಿನ್ನೆ ರಾತ್ರಿ ನೋಡಿದೆ. ರೋಬಸ್ಟಾ ಕಾಫಿಯ ಕುಯ್ಲು ಮುಗಿಯುವ ತನಕ ಇಲ್ಲಿ ಹಗಲು ಫೋನ್ ಮುಟ್ಟಲು ಯಾರಿಗೂ ಪುರುಸೊತ್ತಿಲ್ಲ. ಸಾರ್ ಸಾರ್ ಅಂತ ಬರೆಯಬೇಡ ಮಾರಾಯ್ತಿ, ಅಣ್ಣ ಅಂದರೆ ಸಾಕು. ಹಾಕಿ ಬರೆಯುವವಳನ್ನು ಬೆಂಗಳೂರಿಗೆ ಗಾಲ್ಫ್ ವರದಿಗೆ ಕಳಿಸುತ್ತಿದ್ದಾರೆ ಅಂತ ಗಾಬರಿಯಾಗಿದ್ದೀಯಲ್ಲ, ನನ್ನನ್ನೂ ಹಾಗೇ ಕಳಿಸಿದ್ದರು. ಹೋಗಬೇಕಾಗಿದ್ದವನಿಗೆ ಜ್ವರ ಬಂದಿತ್ತು, ಅಷ್ಟೇ ಕಾರಣ.

ನಮ್ಮ ಕೊಡಗಿನ ನಾಪೋಕ್ಲುವಿನಲ್ಲಿ ಕೊಡವ ಮನೆತನಗಳ ಕೌಟುಂಬಿಕ ಹಾಕಿ ನೋಡಲು ಕೂತರೆ ಇಡೀ ಮೈದಾನ ಕಣ್ಣೆದುರಿಗೇ ಇರುತ್ತದೆ. ಗೋಲು ತಪ್ಪಿಹೋದರೂ ಪಕ್ಕದ ಅಜ್ಜ ಹೇಳುತ್ತಾರೆ. ಗಾಲ್ಫ್‌ನಲ್ಲಿ ಆ ಸುಖ ಇಲ್ಲ. ನೂರಕ್ಕೂ ಜಾಸ್ತಿ ಆಟಗಾರರು, ಮೂರು ಮೂರು ಜನರ ಗುಂಪು, ಮೈದಾನದಲ್ಲಿ ಹೋಲ್ ಅಂತ 18 ಭಾಗ, ಒಂದೊಂದರ ಕೊನೆಗೂ ಚೆಂಡು ಹಾಕುವ ಗುಳಿ, ಮೊದಲೆರಡು ದಿನ ಅರ್ಧ ಜನ 1ನೇ ಹೋಲ್‌ನಿಂದ ಶುರು ಮಾಡಿದರೆ ಇನ್ನರ್ಧ 10ನೇ ಹೋಲ್‌ನಿಂದ. ನೀನು ಒಂದು ಹೋಲ್ ಹತ್ತಿರ ನಿಂತಿದ್ದರೆ ಉಳಿದ 17 ಕಡೆ ಏನೇನೋ ಆಗುತ್ತಿರುತ್ತದೆ. ಮೊದಲ ದಿನ ಇದರಿಂದಲೇ ತಲೆ ಕೆಟ್ಟು ನಾನು ಮೀಡಿಯಾ ಸೆಂಟರ್‌ನಲ್ಲಿ ಹೋಗಿ ಕೂತೆ. ಏಸಿ ಇತ್ತು, ಕಾಫಿ ಇತ್ತು (ಕಾಫಿ ಅಂದರೆ ಅದೇ ಪುಡಿ ಕಲಸಿದ್ದು, ಬಿಡು), ಗೋಡೆಯ ಟಿವಿಯಲ್ಲಿ ಸ್ಕೋರ್ ಬದಲಾಗುತ್ತಿತ್ತು. ಅದನ್ನೇ ನೋಡಿ ವರದಿ ಬರೆದು ಕಳಿಸಿದೆ. ರಾತ್ರಿ ಡೆಸ್ಕಿನವರು ಫೋನ್ ಮಾಡಿ, ಇದೆಲ್ಲ ಸುದ್ದಿ ಏಜೆನ್ಸಿ ಕಾಪಿಯಲ್ಲೇ ಬಂದಿದೆಯಲ್ಲ, ನಿನಗೆ ಬಸ್ ಚಾರ್ಜ್ ಕೊಟ್ಟು ಯಾಕೆ ಕಳಿಸಿದ್ದು ಅಂತ ಕೇಳಿದರು. ಉತ್ತರ ಇರಲಿಲ್ಲ.

ನಮ್ಮ ಕಡೆ ರೈಟ್ರು ಅಂದರೆ ಕಥೆ ಬರೆಯುವವರಲ್ಲ, ಗೊತ್ತಲ್ಲ? ನನ್ನಪ್ಪ ಅಮ್ಮತ್ತಿ ಕಡೆಯ ಒಂದು ತೋಟದಲ್ಲಿ ರೈಟ್ರಾಗಿದ್ದರು. ಸಂಜೆ ಹಣ್ಣು ತೂಗುವಾಗ ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆಯುವುದು ಅವರ ಕೆಲಸ. ಪುಸ್ತಕದಲ್ಲಿ ಇಬ್ಬರು ಹೆಂಗಸರ ಮುಂದೆಯೂ 60 ಅಂತಲೇ ಇರುತ್ತಿತ್ತು. ಆದರೆ ಒಬ್ಬಳಿಗೆ ಸಿಕ್ಕಿದ್ದು ಗೊಂಚಲು ಗೊಂಚಲು ಹಣ್ಣಿದ್ದ ಸಾಲು, ಇನ್ನೊಬ್ಬಳು ಇಳಿಜಾರಿನಲ್ಲಿ ಕಾಲು ಜಾರಿಸಿಕೊಂಡು ಅಲ್ಲೊಂದು ಇಲ್ಲೊಂದು ಕಿತ್ತವಳು. ಬೆಳಗ್ಗೆ ಸಾಲುಗಳ ಮಧ್ಯೆ ನಡೆದಿದ್ದರಿಂದ ಅಪ್ಪನಿಗೆ ಅದು ಗೊತ್ತಿರುತ್ತಿತ್ತು, ಮನೆಗೆ ಬಂದು ಅಮ್ಮನ ಹತ್ತಿರ ಹೇಳುತ್ತಿದ್ದದ್ದೂ ಅದನ್ನೇ.

ಗಾಲ್ಫ್‌ನ ಸ್ಕೋರ್ ಕಾರ್ಡೂ ಹಾಗೇ. ಪಾರ್ 4ರ, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ನಲ್ಲಿ ಒಬ್ಬ ಸೀದಾ ಫೇರ್‌ವೇಗೆ (ನಡುವಿನ ಕತ್ತರಿಸಿದ ಹುಲ್ಲು) ಹೊಡೆದು, ಗುಳಿಯಿರುವ ಗ್ರೀನ್‌ಗೆ ಹತ್ತಿಸಿ, ಎರಡು ಪಟ್‌ನಲ್ಲಿ (ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತ) ಮುಗಿಸುತ್ತಾನೆ. ಇನ್ನೊಬ್ಬ ಮರದ ಬುಡಕ್ಕೆ ಹೊಡೆದು, ಅಲ್ಲಿಂದ ಅಡ್ಡಕ್ಕೆ ಈಚೆ ತಂದು, ದೂರದಿಂದ ಗ್ರೀನ್‌ಗೆ ಹಾಕಿ, 20 ಅಡಿಯ ಪಟ್ ಇಳಿಸುತ್ತಾನೆ. ಇಬ್ಬರ ಕಾರ್ಡಲ್ಲೂ 4. ಟಿವಿಯಲ್ಲಿ ಕಾಣುವುದು ಆ 4 ಮಾತ್ರ. ಹಾಗಾಗಿ ನಡಿ ತಂಗಿ. 18 ಹೋಲ್‌ನ ಒಂದು ರೌಂಡ್ ಅಂದರೆ ನಾಲ್ಕೂವರೆ, ಐದು ಗಂಟೆ. ತೋಟದಲ್ಲಿ ಬೆಳೆದವಳಿಗೆ ಅದೇನು ಮಹಾ? ಹೊರಡುವ ಮೊದಲು ಇಲ್ಲೇ ಹತ್ತಿರದ ಬಿಟ್ಟಂಗಾಲದ ಗಾಲ್ಫ್ ಕೋರ್ಸಿಗೆ ಒಮ್ಮೆ ಹೋಗಿ, ಯಾರಾದರೂ ಆಡುತ್ತಿದ್ದರೆ ಕೇಳಿಕೊಂಡು ಅವರ ಜೊತೆ ನಾಲ್ಕು ಹೋಲ್ ಸುತ್ತು. ಗುಳಿಯ ಅಗಲ ನಾಲ್ಕೂಕಾಲು ಇಂಚು. ಬಗ್ಗಿ ನೋಡು, ಕೈ ಹಾಕಿ ನೋಡು. ಆರಡಿ ದೂರದಿಂದ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಅಂತ ಗೊತ್ತಾದರೆ ಅರ್ಧ ಗಾಲ್ಫ್ ಗೊತ್ತಾದ ಹಾಗೆ.

ಲೀಡರ್ ಹಿಂದೆಯೇ ಓಡಬೇಡ. ಅವನ ಹಿಂದೆ ಎಲ್ಲರೂ ಇರುತ್ತಾರೆ. ಎರಡನೇ ದಿನ ಸಂಜೆ ಕಟ್ ಬೀಳುತ್ತದೆ, ನಮ್ಮ ಪಿಜಿಟಿಐ (ಭಾರತದ ವೃತ್ತಿಪರ ಗಾಲ್ಫ್ ಟೂರ್) ಟೂರ್ನಿಗಳಲ್ಲಿ ಸಾಮಾನ್ಯವಾಗಿ ಮೊದಲ 50 ಜನ ಮತ್ತು 50ನೆಯವನಿಗೆ ಸಮ ಇರುವವರು ಉಳಿಯುತ್ತಾರೆ, ಮಿಕ್ಕವರು ಬರಿಗೈಲಿ ಬಸ್ ಹತ್ತುತ್ತಾರೆ. ಆ ಸಂಜೆ 18ನೇ ಗ್ರೀನ್ ಪಕ್ಕ ಹೋಗಿ ನಿಲ್ಲು. ನಾನು ಅಲ್ಲಿ ಒಬ್ಬ ಹುಡುಗನನ್ನು ನೋಡಿದೆ. ಗ್ಲೌಸ್ ತೆಗೆದು ಹಿಂದಿನ ಜೇಬಿಗೆ ಸಿಕ್ಕಿಸಿದ್ದ, ಅದರ ಬೆರಳುಗಳು ಗಾಳಿಗೆ ಅಲ್ಲಾಡುತ್ತಿದ್ದವು. ಪಟ್ ಹೊಡೆದ. ಚೆಂಡು ಗುಳಿಯ ಅಂಚಿಗೆ ಅರ್ಧ ಸುತ್ತು ಹಾಕಿ ಹೊರಗೆ ನಿಂತಿತು. ಅವನು ಏನೂ ಮಾಡಲಿಲ್ಲ. ಅವನ ಕೋಲುಗಳ ಚೀಲ ಹೊರುವ ಕ್ಯಾಡಿ ಮಾತ್ರ ಕೂತುಬಿಟ್ಟ. ಆಮೇಲೆ ಗೇಟಿನಾಚೆ ಟೀ ಅಂಗಡಿಯಲ್ಲಿ ಆ ಕ್ಯಾಡಿಯೇ ಹೇಳಿದ, ವಾರದ ಸಂಬಳದ ಜೊತೆ ಬಹುಮಾನದಲ್ಲೂ ಕ್ಯಾಡಿಗೆ ಒಂದು ಪಾಲು ಇರುತ್ತದಂತೆ. ಆ ಪಟ್ ಇಬ್ಬರದ್ದೂ ಆಗಿತ್ತು. ನಿಜವಾದ ಸುದ್ದಿ ನನಗೆ ಸಿಕ್ಕಿದ್ದು ಜಾಸ್ತಿ ಟೀ ಅಂಗಡಿಗಳಲ್ಲೇ.

ಬರವಣಿಗೆಗೆ ಬಂದರೆ, "ಅಂಕ ಗಳಿಸಿದರು" ಅಂತ ಗಾಲ್ಫ್‌ನಲ್ಲಿ ಬರೆಯಲೇಬೇಡ. ನಾನು ಬರೆದಿದ್ದೆ. ಕಡಿಮೆ ಹೊಡೆದವನು ಮುಂದೆ ಅನ್ನುವುದು ತಿಳಿಯದ ಯಾರೋ ಪುಣ್ಯಾತ್ಮರು ಡೆಸ್ಕಿನಲ್ಲಿ ಪಟ್ಟಿಯನ್ನೇ ಉಲ್ಟಾ ಮಾಡಿ, 79 ಹೊಡೆದವನನ್ನು ಮೊದಲ ಸ್ಥಾನದಲ್ಲಿ ಕೂರಿಸಿದ್ದರು! ಹೊಡೆತ ಅನ್ನು. ಪಾರ್‌ನ 72 ಹೊಡೆತದ ಬದಲು 68ರಲ್ಲಿ ಮುಗಿಸಿದ ಅನ್ನು. ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ), ಬೋಗಿ (ಒಂದು ಜಾಸ್ತಿ) ಹಾಗೇ ಇರಲಿ, ಮೊದಲ ಸಲ ಬಂದಾಗ ಒಂದು ಸಾಲಲ್ಲಿ ಬಿಡಿಸಿ ಹೇಳು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರಲ್ಲ, ಅವತ್ತು ಗಾಲ್ಫ್ ಕೋಲನ್ನೇ ನೋಡದವರೂ ಬೆಳಗ್ಗೆ ಎದ್ದು ಟಿವಿ ಮುಂದೆ ಕೂತಿದ್ದರು. ನಮ್ಮನೆಯಲ್ಲಿ ಅತ್ತೆ ಕೇಳಿದ್ದು ಒಂದೇ, ಆ ಹುಡುಗಿ ಇನ್ನೆಷ್ಟು ಸಲ ಹೊಡೆಯಬಹುದು? ಅತ್ತೆಗೆ ಅರ್ಥವಾಗುವ ಹಾಗೆ ಬರಿ.

ಕಾರ್ಡ್‌ಗೆ ಸಹಿ ಆಗುವ ತನಕ ಆಟಗಾರರ ಹತ್ತಿರ ಮಾತಿಗೆ ಹೋಗಬೇಡ. ಒಬ್ಬನ ಸ್ಕೋರ್ ಬರೆಯುವುದು ಜೊತೆಗೆ ಆಡುವ ಇನ್ನೊಬ್ಬ, ಅದನ್ನು ತಾಳೆ ನೋಡಿ ಸಹಿ ಹಾಕುವುದು ಇವನ ಜವಾಬ್ದಾರಿ. 1968ರ ಮಾಸ್ಟರ್ಸ್ ಟೂರ್ನಿಯಲ್ಲಿ ರಾಬರ್ಟೊ ಡಿ ವಿಸೆಂಜೊ 17ನೇ ಹೋಲನ್ನು 3ರಲ್ಲಿ ಮುಗಿಸಿದ್ದರು, ಜೊತೆಗಾರ 4 ಅಂತ ಬರೆದ, ಇವರು ನೋಡದೆ ಸಹಿ ಹಾಕಿದರು. ಬರೆದದ್ದೇ ಲೆಕ್ಕವಾಯಿತು. ಬಾಬ್ ಗೋಲ್ಬಿ ಒಂದು ಹೊಡೆತದಿಂದ ಗೆದ್ದರು. ಅಪ್ಪನಿಗೆ ಈ ಕಥೆ ಹೇಳಿದಾಗ ಅವರು ನಗಲಿಲ್ಲ, ಆ ಬರೆದವನಿಗೆ ಆಮೇಲೆ ನಿದ್ದೆ ಬಂತಾ ಅಂತ ಕೇಳಿದರು.

ಗೆದ್ದವನ ವರದಿಯನ್ನು ಮೊದಲೇ ಬರೆದಿಡುವ ಆಸೆ ಕೊನೆಯ ದಿನ ಬರುತ್ತದೆ, ಪೇಜ್ ಬಿಡುವ ಟೈಮ್ ಅಂಥದ್ದು. ಬರೆದಿಡು, ಕಳಿಸಬೇಡ. 1999ರಲ್ಲಿ ಸ್ಕಾಟ್ಲೆಂಡಿನ ಕಾರ್ನೌಸ್ಟಿಯಲ್ಲಿ ನಡೆದ ಓಪನ್ ಟೂರ್ನಿಯಲ್ಲಿ ಜಾನ್ ವಾನ್ ಡಿ ವೆಲ್ಡೆಗೆ ಕೊನೆಯ ಹೋಲ್‌ನಲ್ಲಿ 6 ಹೊಡೆದರೂ ಸಾಕಿತ್ತು. ಪ್ಯಾಂಟ್ ಮಡಚಿಕೊಂಡು ತೊರೆಯ ನೀರಿಗೆ ಇಳಿದು ನಿಂತು, ಕೊನೆಗೆ 7 ಹೊಡೆದರು. ಬೆಳಗ್ಗೆ 10 ಹೊಡೆತ ಹಿಂದಿದ್ದ ಪಾಲ್ ಲಾರಿ, ಸಮ ಬಂದವರ ಪ್ಲೇಆಫ್‌ನಲ್ಲಿ ಕಪ್ ತಗೊಂಡು ಹೋದರು.

ಇನ್ನು ಸಣ್ಣಪುಟ್ಟದ್ದು. ಫೋನ್ ಸೈಲೆಂಟ್, ವೈಬ್ರೇಟ್ ಕೂಡ ಬೇಡ. ಪಟ್ ಹೊಡೆಯುವವನ ಎದುರು ಗೆರೆಯಲ್ಲಿ ನಿಲ್ಲಬೇಡ. ಇಂಗ್ಲಿಷ್ ಸಾಲದು ಅಂತ ಹೆದರಬೇಡ, ಚಿಕ್ಕರಂಗಪ್ಪನಂಥವರು ಬಿಡದಿ ಕಡೆಯ ಹಳ್ಳಿಯಲ್ಲೇ ಬೆಳೆದು ಈ ಆಟದಲ್ಲಿ ಮೇಲೆ ಬಂದವರು. ಅಂಥವರು ಸಿಕ್ಕಿದರೆ ಸೀದಾ ಕನ್ನಡದಲ್ಲಿ ಕೇಳು, ಬೇರೆ ವರದಿಗಾರರಿಗೆ ಸಿಗದ ಮಾತು ನಿನಗೆ ಸಿಗಬಹುದು.

ಪೆನ್ ಬದಲು ಪೆನ್ಸಿಲ್ ತಗೊಂಡು ಹೋಗು. ಮಳೆ ಹನಿ ಬಿದ್ದರೆ ಶಾಯಿ ಹರಡುತ್ತದೆ, ಅಪ್ಪನ ಪುಸ್ತಕ ನೋಡಿ ಕಲಿತದ್ದು. ಮೊದಲ ದಿನದ ವರದಿ ಕಳಿಸಿದ ಮೇಲೆ ನನಗೂ ಒಂದು ಪ್ರತಿ ಹಾಕು, ರಾತ್ರಿ ಕಾಫಿ ಒಣಗಿಸುವ ಕಣಕ್ಕೆ ಟಾರ್ಪಾಲ್ ಹೊದೆಸಿ ಬಂದು ಓದುತ್ತೇನೆ.

ನಿನ್ನ ಅಣ್ಣ,
ವಿರಾಜಪೇಟೆಯಿಂದ