ದಿನವೂ ಒರೆಸಿದರೆ ಕಾರಿನ ಹೊಳಪು ಉಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಬೆಂಗಳೂರಿನಲ್ಲಿ ವಾಹನ ತೊಳೆಯುವ ನೀರಿನ ಮಾತು ಮತ್ತೆ ಏಳುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಮರುವರ್ಷ ಫೆಬ್ರುವರಿಯಲ್ಲಿ ಅಂಥದೇ ಆದೇಶ ಮತ್ತೆ ಹೊರಬಿತ್ತು. ಆದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನೀರು ಉಳಿಸುವ ಹೆಸರಿನಲ್ಲಿ ನಮ್ಮ ಬಡಾವಣೆಯ ಅಪಾರ್ಟ್‌ಮೆಂಟುಗಳಲ್ಲಿ ಗಟ್ಟಿಯಾಗಿ ಬೇರೂರಿರುವುದು ಇನ್ನೊಂದು ಪದ್ಧತಿ: ಒಂದೇ ಬಕೆಟ್ ನೀರು, ಒಂದೇ ಬಟ್ಟೆ, ಸಾಲಾಗಿ ನಿಂತ ಹತ್ತಾರು ಕಾರುಗಳು, ಅದೂ ಪ್ರತಿದಿನ. ನೀರು ಉಳಿಸಬೇಕಾದರೆ ವಾಹನದ ಅಂದವನ್ನು ಬಿಟ್ಟುಕೊಡಲೇಬೇಕು ಎಂದು ಬಹಳ ಮಂದಿ ತಿಳಿದಂತಿದೆ. ಈ ಎರಡಕ್ಕೂ ವಿರೋಧವಿಲ್ಲವೆಂದೂ, ದಿನನಿತ್ಯದ ಒರೆಸಾಟವನ್ನು ನಿಲ್ಲಿಸಿ ವಾರಕ್ಕೊಮ್ಮೆ ಕ್ರಮವಾಗಿ ತೊಳೆದರೆ ಎರಡೂ ಉಳಿಯುತ್ತವೆಂದೂ ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಹೊಳಪು ಕಾಣುವುದೂ, ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣ ಮಾಸದಂತೆ ಕಾಯುವುದೂ ಈ ಮೇಲಿನ ಪದರದಿಂದಲೇ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಮಾತ್ರ, ಅಂದರೆ ನಮ್ಮ ತಲೆಗೂದಲಿಗಿಂತಲೂ ತೆಳುವು. ನಮ್ಮ ನಗರದ ಧೂಳಿನಲ್ಲಿ ಇರುವುದು ಬರೀ ಮಣ್ಣಲ್ಲ. ಕಟ್ಟಡ ಕಾಮಗಾರಿಯ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), ಸಿಮೆಂಟು, ರಸ್ತೆ ಅಗೆತದ ಕಲ್ಲುಪುಡಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. ರಾತ್ರಿ ಬಾನೆಟ್ ಮೇಲೆ ಕುಳಿತ ಈ ಪುಡಿಯನ್ನು ಬೆಳಗ್ಗೆ ಹಿಂಡಿದ ಬಟ್ಟೆಯಿಂದ ಒತ್ತಿ ಎಳೆದಾಗ, ಪ್ರತಿಯೊಂದು ಕಣವೂ ಕ್ಲಿಯರ್ ಕೋಟ್ ಮೇಲೆ ಒಂದು ಗೀರು ಬರೆಯುತ್ತದೆ. ಕಪ್ಪು ಅಥವಾ ಕಡುನೀಲಿ ಕಾರಿನ ಪಕ್ಕದಲ್ಲಿ ಬಗ್ಗಿ, ಬಾನೆಟ್ ಮೇಲೆ ಬಿದ್ದ ಸೂರ್ಯನ ಪ್ರತಿಬಿಂಬವನ್ನು ನೋಡಿದರೆ ಅದರ ಸುತ್ತ ಜೇಡರಬಲೆ ಹೆಣೆದಂತೆ ಸಣ್ಣ ಸಣ್ಣ ಗೀರುಗಳು ಸುತ್ತುಸುತ್ತಾಗಿ ಎದ್ದು ಕಾಣುತ್ತವೆ. ಕಾರು ಪಾಲಿಶ್ ಮಾಡುವವರು ಸ್ವರ್ಲ್ ಮಾರ್ಕ್ ಎನ್ನುವುದು ಇದನ್ನೇ. ಬಿಳಿ ಮತ್ತು ಬೆಳ್ಳಿ ಬಣ್ಣದ ಕಾರುಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ, ಆದರೆ ಗೀರು ಬೀಳದೆ ಇರುವುದಿಲ್ಲ.

ಪಾಲಿಶ್ ಮಾಡಿಸಿದರೆ ಹೋಗುತ್ತದಲ್ಲ ಎನ್ನುವವರಿದ್ದಾರೆ. ಹೋಗುತ್ತದೆ, ನಿಜ. ಆದರೆ ಕಾಂಪೌಂಡ್ ಎಂಬ ಸವೆಸುವ ಪೇಸ್ಟ್ ಹಾಕಿ ಯಂತ್ರದಿಂದ ಉಜ್ಜುವುದೆಂದರೆ ಗೀರಿನ ಆಳದಷ್ಟು ಕ್ಲಿಯರ್ ಕೋಟನ್ನೇ ಸವೆಸಿ ತೆಗೆಯುವುದು. ಹೀಗೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಪ್ರತಿ ವರ್ಷ ಸರ್ವಿಸ್ ಜತೆಗೆ ‘ರಬ್ಬಿಂಗ್ ಪಾಲಿಶ್’ ಮಾಡಿಸುವ ವಾಹನಗಳಲ್ಲಿ ಕೆಲವೇ ವರ್ಷಗಳಲ್ಲಿ ಬಾಗಿಲಿನ ಅಂಚು, ಬಾನೆಟ್‌ನ ಉಬ್ಬುಗೆರೆಗಳ ಮೇಲೆ ಪದರ ಕಿತ್ತು ಮಂಕಾಗಿ ಕಾಣಿಸಿಕೊಳ್ಳುವುದು ಇದರಿಂದಲೇ. ಆದಕಾರಣ ಗೀರು ಬೀಳದಂತೆ ತೊಳೆಯುವುದೇ ಮುಖ್ಯ. ಪಾಲಿಶ್ ಅಪರೂಪಕ್ಕೆ, ಬೇಕಾದ ಜಾಗಕ್ಕೆ ಮಾತ್ರ ಇರಲಿ.

ಹಾಗೆ ತೊಳೆಯುವುದು ಕಷ್ಟದ ವಿದ್ಯೆಯೇನಲ್ಲ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ ಮೊದಲು ಮಗ್ಗಿನಿಂದಲೋ ಸಣ್ಣ ಸ್ಪ್ರೇಯರಿನಿಂದಲೋ ನೀರು ಹರಿಸಿ, ಮುಟ್ಟದೆಯೇ ಹೋಗುವ ಧೂಳನ್ನೆಲ್ಲ ಇಳಿಸಬೇಕು. ಎರಡು ಬಕೆಟ್‌ಗಳು ಬೇಕು: ಒಂದರಲ್ಲಿ ಕಾರ್ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಮೇಲ್ಛಾವಣಿಯಿಂದ ಕೆಳಕ್ಕೆ, ಒತ್ತದೆ, ನೇರ ಗೆರೆಯಲ್ಲಿ ಎಳೆಯಬೇಕು. ಒಂದೊಂದು ಭಾಗ ಮುಗಿದಾಗಲೂ ಬಟ್ಟೆಯನ್ನು ಬರೀ ನೀರಿನ ಬಕೆಟ್‌ನಲ್ಲಿ ಜಾಲಾಡಿದ ಮೇಲೆಯೇ ಮತ್ತೆ ಶಾಂಪೂ ನೀರಿಗೆ ಹಾಕಬೇಕು. ಆ ಎರಡನೆಯ ಬಕೆಟ್‌ನ ತಳದಲ್ಲಿ ಕೊನೆಗೆ ಕುಳಿತ ಮರಳನ್ನು ಒಮ್ಮೆ ನೋಡಿದವರಿಗೆ ಮತ್ತೇನೂ ವಿವರಿಸಬೇಕಾಗಿಲ್ಲ. ಚಕ್ರಗಳಿಗೆ ಬೇರೆಯೇ ಬಟ್ಟೆ ಬೇಕು, ಏಕೆಂದರೆ ಬ್ರೇಕ್ ಪ್ಯಾಡಿನಿಂದ ಉದುರುವ ಲೋಹದ ಪುಡಿ ಅಲ್ಲಿ ಕೂತಿರುತ್ತದೆ. ಪಾತ್ರೆ ತೊಳೆಯುವ ಸೋಪು, ಬಟ್ಟೆಯ ಡಿಟರ್ಜೆಂಟು ಹಾಕಿದರೆ ಕೊಳೆಯ ಜತೆಗೆ, ಬಣ್ಣದ ರಕ್ಷಣೆಗೆಂದು ಹಿಂದೆ ಹಚ್ಚಿದ ವ್ಯಾಕ್ಸ್ (ಮೇಣ) ಕೂಡ ಹೋಗುತ್ತದೆ. ಕೊನೆಗೆ ಒಣ ಮೈಕ್ರೋಫೈಬರ್ ಟವೆಲಿನಿಂದ ನೀರನ್ನು ಹೀರಿಸಿ ತೆಗೆಯಬೇಕು. ಬೋರ್‌ವೆಲ್ಲಿನ ಗಡಸು ನೀರು ಬಿಸಿಲಿನಲ್ಲಿ ತಾನಾಗಿ ಒಣಗಿದರೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಚುಕ್ಕೆಗಳಾಗಿ ಗಾಜು ಮತ್ತು ಬಣ್ಣದ ಮೇಲೆ ಕಚ್ಚಿಕೊಳ್ಳುತ್ತವೆ. ಅಪಾರ್ಟ್‌ಮೆಂಟಿನ ಕೊಳಚೆ ನೀರು ಸಂಸ್ಕರಣಾ ಘಟಕದ ನೀರನ್ನು ಬಳಸುವವರಿಗೂ ಇದೇ ಎಚ್ಚರಿಕೆ ಅಗತ್ಯ.

ಇಷ್ಟಕ್ಕೆ ಎರಡು ಬಕೆಟ್ ನೀರು ಮತ್ತು ಜಾಲಿಸಲು ಇನ್ನೊಂದಿಷ್ಟು ಸಾಕಾಗುತ್ತದೆ. ಪೈಪನ್ನು ಹತ್ತು ನಿಮಿಷ ಬಿಟ್ಟರೆ ನೂರು ಲೀಟರು ಸುಲಭವಾಗಿ ಹರಿದುಹೋಗುತ್ತದೆ. ಹತ್ತಾರು ಕಾರುಗಳಿಗೆ ಒಂದೇ ಕೊಳೆನೀರು ಬೇಡವೆಂದು ಪ್ರತಿ ಕಾರಿಗೂ ದಿನಕ್ಕೆ ಅರ್ಧ ಬಕೆಟ್ ಹೊಸ ನೀರು ಬಳಸಿ ಒರೆಸಿದರೂ ವಾರಕ್ಕೆ ಮೂರೂವರೆ ಬಕೆಟ್ ಆಯಿತಲ್ಲವೇ?

ಇಲ್ಲಿ ಕಾರು ಒರೆಸುವವರ ಮೇಲೆ ತಪ್ಪು ಹೊರಿಸಬಾರದು ಎಂದು ಒತ್ತಿ ಹೇಳಬೇಕಾಗಿದೆ. ನಸುಕಿಗೇ ಬಂದು, ಮಾಲೀಕರು ಕಚೇರಿಗೆ ಹೊರಡುವುದರೊಳಗೆ ಇಡೀ ಪಾರ್ಕಿಂಗ್ ಮುಗಿಸಬೇಕಾದವರು ಅವರು. ಒಂದು ಗಾಡಿಗೆ ತಿಂಗಳಿಗೆ ಸಿಗುವುದು ಕೆಲವು ನೂರು ರೂಪಾಯಿ. ಅವರ ಕೈಯಲ್ಲಿರುವ ಬಟ್ಟೆ ಯಾರದೋ ಮನೆಯ ಹಳೆಯ ಬನಿಯನ್ನು ಅಥವಾ ಹರಿದ ಟವೆಲು. ದಿನವೂ ಒರೆಸಲೇಬೇಕು, ಒಂದು ದಿನ ತಪ್ಪಿದರೆ ಹಣ ಹಿಡಿಯುತ್ತೇವೆ ಎಂದು ಹಟ ಹಿಡಿಯುವವರು ನಾವು. ವಾರಕ್ಕೊಮ್ಮೆ ಸರಿಯಾದ ತೊಳೆತ, ನಡುವೆ ಬೇಕೆನಿಸಿದರೆ ಗಾಜುಗಳನ್ನು ಮಾತ್ರ ಒರೆಸುವುದು ಎಂದು ಗೊತ್ತುಮಾಡಿ, ಸಂಬಳದಲ್ಲಿ ಒಂದು ಪೈಸೆಯನ್ನೂ ಇಳಿಸದೆ, ಎರಡು ಬಕೆಟ್‌ಗಳನ್ನೂ ಒಳ್ಳೆಯ ಬಟ್ಟೆಗಳನ್ನೂ ನಾವೇ ಕೊಟ್ಟರೆ ಅವರ ಬೆನ್ನಿಗೂ ಬಿಡುವು ಸಿಗುತ್ತದೆ, ಕೆಲಸಕ್ಕೂ ಮರ್ಯಾದೆ ಬರುತ್ತದೆ.

ವಾರದವರೆಗೆ ಕಾಯಬಾರದ ಸಂಗತಿಗಳೂ ಇವೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ. ಬಿಸಿಲಿಗೆ ಕಾದ ಬಾನೆಟ್ ಮೇಲೆ ಅದು ಕ್ಲಿಯರ್ ಕೋಟನ್ನು ಕೊರೆದು ಗುರುತು ಬಿಡುತ್ತದೆ. ಮಳೆಮರ, ಹೊಂಗೆಯಂಥ ಮರಗಳ ಕೆಳಗೆ ನಿಂತ ಗಾಡಿಯ ಮೇಲೆ ಬೀಳುವ ಅಂಟು ಜಿನುಗೂ ಹಾಗೆಯೇ. ಇವನ್ನು ಒಣದಾಗಿ ಕೆರೆಯದೆ, ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಬೇಕು. ಆಯುಧಪೂಜೆಯ ದಿನ ಬಾನೆಟ್ ಮೇಲೆ ಕಲಸಿ ಹಚ್ಚಿದ ಅರಿಶಿನ ಕುಂಕುಮವನ್ನು ವಾರಗಟ್ಟಲೆ ಬಿಸಿಲಿಗೆ ಬಿಟ್ಟು, ಬಿಳಿ ಕಾರಿನ ಮೇಲೆ ಹಳದಿ ಕೆಂಪು ಛಾಯೆ ಉಳಿದುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಪೂಜೆ ಮಾಡಬೇಕು, ಅದು ನಮ್ಮ ಬದುಕಿಗೆ ನೆರವಾಗುವ ವಸ್ತುವಿಗೆ ಸಲ್ಲಿಸುವ ಗೌರವ. ತಿಲಕವನ್ನು ಗಾಜಿನ ಅಂಚಿಗೆ ಇಟ್ಟು, ಹಾರವನ್ನು ತಂತಿಯ ಬದಲು ಹತ್ತಿಯ ದಾರದಲ್ಲಿ ಕಟ್ಟಿದರೆ ಅದೇ ಗೌರವ ವಾಹನದ ಮೈಗೂ ಸಂದಂತಾಗುತ್ತದೆ.

ಗಾಡಿಯ ಒಳಭಾಗದ ಕಡೆ ನಮ್ಮ ಗಮನ ಇನ್ನೂ ಕಡಿಮೆ. ಡ್ಯಾಶ್‌ಬೋರ್ಡಿಗೆ ಜಿಡ್ಡಿನ ಸಿಲಿಕೋನ್ ಪಾಲಿಶ್ ಬಳಿದು ಫಳಫಳ ಹೊಳೆಸುವುದು ಅನೇಕರಿಗೆ ಇಷ್ಟ. ಆ ಹೊಳಪು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣಿಗೆ ಹೊಡೆಯುತ್ತದೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯೇ ಅಲ್ಲಿಗೆ ಸಾಕು. ಮಳೆಗಾಲದ ತೊಂದರೆ ಬೇರೆ. ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ಜಾಗದಲ್ಲಿ ನೀರು ಇಳಿದುಹೋಗುವ ಕಿಂಡಿಗಳಿವೆ. ಮರದಡಿ ನಿಂತ ಕಾರಿನಲ್ಲಿ ತರಗೆಲೆ ತುಂಬಿ ಅವು ಕಟ್ಟಿಕೊಂಡರೆ ನೀರು ಕಾರಿನೊಳಕ್ಕೇ ಇಳಿದು ಕಾರ್ಪೆಟ್ಟಿನ ಅಡಿಯಲ್ಲಿ ನಿಲ್ಲುತ್ತದೆ. ಮೇಲೆ ಹಾಸಿದ ಮ್ಯಾಟ್ ಒಣಗಿದಂತೆಯೇ ಕಾಣುತ್ತಿರುತ್ತದೆ, ಕೆಳಗೆ ಬೂಷ್ಟು ಬೆಳೆದಿರುತ್ತದೆ, ತಗಡಿಗೆ ತುಕ್ಕು ಹಿಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಕಡಲಿನ ಉಪ್ಪುಗಾಳಿಯ ಕಾಟವೂ ಇರುವುದರಿಂದ ಬಾಗಿಲಿನ ತಳದಲ್ಲಿ ನೀರು ಇಳಿಯುವ ರಂಧ್ರಗಳು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಮತ್ತು ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯುವುದು ಅಲ್ಲಿ ಹೆಚ್ಚು ಮುಖ್ಯ. ಎಸಿ ಹಾಕಿದೊಡನೆ ಮುಗ್ಗುಲು ವಾಸನೆ ಬಂದರೆ ಅದರ ಮೇಲೆ ಸುಗಂಧದ ಡಬ್ಬಿ ಇಡುವ ಬದಲು ಕ್ಯಾಬಿನ್ ಫಿಲ್ಟರನ್ನು ತೆಗೆದು ನೋಡಬೇಕು. ಮಕ್ಕಳನ್ನು ಶಾಲೆಗೆ ಬಿಡುವ, ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯುವ ವಾಹನದೊಳಗಿನ ಗಾಳಿ ಆ ಫಿಲ್ಟರಿನ ಮೂಲಕವೇ ಬರುತ್ತದೆ.

ಇತ್ತೀಚೆಗೆ ಕ್ಲಿಯರ್ ಕೋಟ್ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್ ಎಂಬ ರಕ್ಷಣಾ ಲೇಪಕ್ಕೆ ಸಾವಿರಾರು ರೂಪಾಯಿ ಕೇಳುವ ಅಂಗಡಿಗಳು ಹೆಚ್ಚಾಗಿವೆ. ಅದು ನೀರು ಜಾರುವಂತೆ ಮಾಡುತ್ತದೆ, ಕೊಳೆ ಸುಲಭವಾಗಿ ಬಿಡುವಂತೆ ಮಾಡುತ್ತದೆ. ಆದರೆ ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಅದರ ಮೇಲೂ ಗೀರು ಬೀಳುತ್ತದೆ. ಕೋಟಿಂಗ್ ಮಾಡಿಸಿ ಮರುದಿನವೇ ಹಳೆಯ ಒರೆಸುಬಟ್ಟೆಗೆ ಒಪ್ಪಿಸುವವರಿಗೆ ಇದನ್ನು ಮಾರಾಟಗಾರರು ಮೊದಲೇ ತಿಳಿಸಿಹೇಳಬೇಕು. ಸಾಧಾರಣ ಸಂಸಾರಕ್ಕೆ ಎರಡು ಮೂರು ತಿಂಗಳಿಗೊಮ್ಮೆ ಕೈಯಿಂದ ಹಚ್ಚುವ ಒಳ್ಳೆಯ ವ್ಯಾಕ್ಸ್ ಸಾಕು ಎಂಬುದು ನನ್ನ ಅಭಿಪ್ರಾಯ.

ನಿವಾಸಿಗಳ ಸಂಘಗಳು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಎತ್ತಿಕೊಂಡು, ದಿನದ ಒರೆಸಾಟಕ್ಕೆ ಬದಲಾಗಿ ಸರದಿಯ ಮೇಲೆ ವಾರದ ತೊಳೆತವನ್ನು ಗೊತ್ತುಪಡಿಸಲಿ. ಜಲಮಂಡಳಿಯೂ ಬೇಸಿಗೆಯ ಪ್ರಕಟಣೆಯಲ್ಲಿ ದಂಡದ ಮೊತ್ತವನ್ನಷ್ಟೇ ತಿಳಿಸಿ ಸುಮ್ಮನಾಗದೆ, ಸಂಸ್ಕರಿಸಿದ ನೀರು ಎಲ್ಲಿ ಸಿಗುತ್ತದೆ, ಎರಡು ಬಕೆಟ್‌ಗಳಲ್ಲಿ ತೊಳೆಯುವುದು ಹೇಗೆ ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಚಿತ್ರಸಹಿತ ಮುದ್ರಿಸಿ ಪ್ರತಿ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಗೋಡೆಗೆ ಅಂಟಿಸುವಂತೆ ಮಾಡಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಓದುಗರಲ್ಲೊಬ್ಬರು
ಬೆಂಗಳೂರು