ದಿವಾಳಿಯಾದ ಮೇಲೆ ಮನೆ ಹುಡುಕುತ್ತಿರುವ ಗೆಳೆಯನಿಗೆ

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಹೋಟೆಲ್ ಮುಚ್ಚಿದ್ದು ಗೊತ್ತಿತ್ತು. ದಿವಾಳಿ ಆದೇಶವೂ ಆಗಿದೆ, ಲಂಡನ್ ಹತ್ತಿರದ ಸ್ಲೌ ಊರಿನ ನಿನ್ನ ಮನೆಯೂ ಮಾರಾಟಕ್ಕೆ ಹೋಗಬಹುದು ಅನ್ನುವುದು ಗೊತ್ತಿರಲಿಲ್ಲ. ಸಮಾಧಾನದ ಮಾತುಗಳನ್ನು ಊರಿನವರೆಲ್ಲ ಹೇಳಿ ಮುಗಿಸಿರುತ್ತಾರೆ, ನಾನು ಬಿಡುತ್ತೇನೆ. ಇದೇ ದಾರಿಯಲ್ಲಿ ನಿನಗಿಂತ ಸ್ವಲ್ಪ ಮುಂಚೆ ನಡೆದವನು ನಾನು. ಅದಕ್ಕೇ ಮನೆ ವಿಷಯ ಮಾತ್ರ ಬರೆಯುತ್ತೇನೆ. ಹೆಸರು ತೆಗೆದು ನಾಲ್ಕು ಜನ ಓದುವ ಹಾಗೆ ಹಾಕಲಾ ಅಂದಾಗ ಹೂಂ ಅಂದೆಯಲ್ಲ, ಒಳ್ಳೆಯದೇ ಆಯಿತು. ಇಂಗ್ಲೆಂಡಿನಲ್ಲಿರುವ ನಮ್ಮವರು ಈ ಮಾತನ್ನು ಎತ್ತುವುದೇ ಇಲ್ಲ. ಯುಗಾದಿ ಊಟಕ್ಕೆ ಕೂತರೆ ಯಾರ ಮಗನಿಗೆ ಗ್ರಾಮರ್ ಸ್ಕೂಲ್ ಸಿಕ್ಕಿತು ಅನ್ನುವುದಷ್ಟೇ ಕಿವಿಗೆ ಬೀಳುತ್ತದೆ.

'ದಿವಾಳಿಯಾದವನಿಗೆ ಕೌನ್ಸಿಲ್‌ನವರು ಎಲ್ಲಿ ಮನೆ ಕೊಡುತ್ತಾರೆ, ಸುಮ್ನೆ ಒಂದು ಬಾಡಿಗೆ ಮನೆ ಹಿಡಿಯೋದೇ ಸುಲಭ ಅಲ್ವಾ' ಅಂತ ಕೇಳಿದ್ದೀಯ. ವಿಷಯ ಪೂರ್ತಿ ಉಲ್ಟಾ ಕಣೋ. ಕೌನ್ಸಿಲ್‌ಗೆ, ಅಂದರೆ ಊರಿನ ಸ್ಥಳೀಯ ಆಡಳಿತಕ್ಕೆ, ನಿನ್ನ ದಿವಾಳಿ ದೊಡ್ಡ ಸಂಗತಿಯೇ ಅಲ್ಲ. ಅಲ್ಲಿ ಮನೆಗಳೇ ಇಲ್ಲ, ಅಷ್ಟೇ. ಬಾಡಿಗೆ ಮನೆಗಳು ಬೇಕಾದಷ್ಟಿವೆ. ಆದರೆ ಏಜೆಂಟರ ಕಂಪ್ಯೂಟರ್ ನಿನ್ನನ್ನು ಬಾಗಿಲಲ್ಲೇ ತಡೆಯುತ್ತದೆ.

ಅದಕ್ಕೂ ಮೊದಲು ಒಂದು ಮಾತು. 'ಹೇಗೂ ಹೋಗುವ ಮನೆ, ಬೀಗದ ಕೈ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ' ಅಂತ ಬರೆದಿದ್ದೀಯ. ದಯವಿಟ್ಟು ಬೇಡ. ಹೆಂಡತಿ ಮಕ್ಕಳು ಇರುವ ಮನೆಯನ್ನು ಮಾರಿಸಲು ಟ್ರಸ್ಟಿಗೆ, ಅಂದರೆ ನಿನ್ನ ಆಸ್ತಿ ಮಾರಿ ಸಾಲ ತೀರಿಸುವ ಅಧಿಕಾರಿಗೆ, ಸಾಮಾನ್ಯವಾಗಿ ಒಂದು ವರ್ಷವಾದರೂ ಬೇಕಾಗುತ್ತದೆ. ನಿಮ್ಮ ಮನೆಯವರ ಪಾಲು ಅವರದೇ, ಅದು ನಿನ್ನ ಸಾಲಕ್ಕೆ ಹೋಗುವುದಿಲ್ಲ. ಆ ಸಮಯ ನಿನಗೆ ಬೇಕು. ಅದಕ್ಕಿಂತ ಮುಖ್ಯ, ಇರಬಹುದಾಗಿದ್ದ ಮನೆಯನ್ನು ನೀನಾಗಿಯೇ ಬಿಟ್ಟು ಹೊರಟರೆ ನಾಳೆ ಕೌನ್ಸಿಲ್‌ನವರು 'ಇವರು ಬೇಕಂತಲೇ ಮನೆ ಕಳೆದುಕೊಂಡರು' ಅಂತ ಬರೆದುಬಿಡಬಹುದು. ಆ ಒಂದು ಸಾಲು ಫೈಲಿಗೆ ಬಿದ್ದರೆ ನಿನಗೆ ಮನೆ ಕೊಡಿಸಲೇಬೇಕು ಅನ್ನುವ ಅವರ ಹೊಣೆ ತುಂಬಾ ಇಳಿದುಬಿಡುತ್ತದೆ. ವ್ಯಾಪಾರ ನಿಜವಾಗಿ ಬಿದ್ದು, ಕಂತು ಕಟ್ಟಲಾಗದೆ ಮನೆ ಹೋದರೆ ಸಾಮಾನ್ಯವಾಗಿ ಹಾಗೆ ಅನ್ನುವುದಿಲ್ಲ. ಅದಕ್ಕೇ ಹೋಟೆಲಿನ ಲೆಕ್ಕಪತ್ರ, ಬ್ಯಾಂಕಿನ ಕಾಗದ, ಟ್ರಸ್ಟಿ ಬರೆದ ಪತ್ರ ಯಾವುದನ್ನೂ ಬಿಸಾಡಬೇಡ.

2018ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಒಂದು ನಿಯಮ ಜಾರಿಯಲ್ಲಿದೆ. 56 ದಿನಗಳೊಳಗೆ ಬೀದಿಗೆ ಬೀಳುವ ಸ್ಥಿತಿ ಇದ್ದರೆ ಕೌನ್ಸಿಲ್ ಅದನ್ನು ತಪ್ಪಿಸಲು ಕೈಹಾಕಲೇಬೇಕು. ಮನೆ ಬಿಡುವ ದಿನ ಗೊತ್ತಾದ ಕೂಡಲೇ ಹೋಗು. ಸೂಟ್‌ಕೇಸ್ ಹಿಡಿದು ರಸ್ತೆಗೆ ಬರುವವರೆಗೆ ಕಾಯಬೇಡ. ನಿಮಗೆ ಚಿಕ್ಕ ಮಕ್ಕಳಿದ್ದಾರೆ, ಹಾಗಾಗಿ ಆದ್ಯತೆ ಸಿಗುತ್ತದೆ. ನಿನ್ನ ಹತ್ತಿರ ಬ್ರಿಟಿಷ್ ಪಾಸ್‌ಪೋರ್ಟ್ ಇದೆ, ಅದೂ ಆಯಿತು. ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: ವರ್ಕ್ ವೀಸಾದಲ್ಲಿದ್ದು 'ಸಾರ್ವಜನಿಕ ನೆರವು ಇಲ್ಲ' ಅನ್ನುವ ಷರತ್ತು ಇರುವವರಿಗೆ ದಿವಾಳಿ ಆಗಲಿ ಬಿಡಲಿ, ಕೌನ್ಸಿಲ್ ಮನೆಯ ಬಾಗಿಲು ಮುಚ್ಚಿದ್ದೇ. ಶಾಶ್ವತವಾಗಿ ಉಳಿಯುವ ಅನುಮತಿ ಸಿಕ್ಕಿದವರಿಗೆ ತೆರೆದಿರುತ್ತದೆ.

ಕೌನ್ಸಿಲ್‌ನವರು ನೋಡುವುದು ಈ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದೀಯ, ಮನೆಯಲ್ಲಿ ಎಷ್ಟು ಜನ, ಯಾರಿಗೆ ಕಾಯಿಲೆ, ಹಳೇ ಬಾಡಿಗೆ ಬಾಕಿ ಇದೆಯಾ ಅಂತ. 2011ರ ಕಾನೂನಿನ ನಂತರ ಒಂದೊಂದು ಕೌನ್ಸಿಲ್‌ದು ಒಂದೊಂದು ಲೆಕ್ಕ, ಆದ್ದರಿಂದ ಸ್ಲೌನ ನಿಯಮವನ್ನೇ ಓದು. ರೆಡಿಂಗ್‌ನವರು ಹೇಳಿದ್ದನ್ನು ನಂಬಿ ಕೂರಬೇಡ. ಕೌನ್ಸಿಲ್ ಮನೆಗೆ ಕಾಯುವವರ ಪಟ್ಟಿಗೆ ಸೇರಿದ ಮೇಲೆ ಖಾಲಿಯಾದ ಮನೆಗಳಿಗೆ 'ಬಿಡ್' ಮಾಡಬೇಕಾಗಬಹುದು. ಹೆಸರು ಕೇಳಿ ಗಾಬರಿಯಾಗಬೇಡ, ಅಲ್ಲಿ ದುಡ್ಡಿನ ಮಾತೇ ಇಲ್ಲ. ಈ ಮನೆ ನನಗೆ ಬೇಕು ಅಂತ ಹೇಳುವುದಷ್ಟೇ.

ಅಂದಹಾಗೆ, ಸ್ಲೌ ಕೌನ್ಸಿಲ್ಲೇ 2021ರ ಜುಲೈನಲ್ಲಿ ಲೆಕ್ಕ ಸರಿದೂಗುತ್ತಿಲ್ಲ ಅಂತ ಸೆಕ್ಷನ್ 114 ನೋಟಿಸ್ ಹೊರಡಿಸಿತ್ತು. ಕಾನೂನಿನ ಪ್ರಕಾರ ಕೌನ್ಸಿಲ್ ದಿವಾಳಿಯಾಗುವ ಹಾಗಿಲ್ಲ, ಆದರೆ ಜನ ಹಾಗೇ ಕರೆದರು. ಅವರ ಕೌಂಟರಿನ ಮುಂದೆ ನೀನು ತಲೆ ತಗ್ಗಿಸಿ ನಿಲ್ಲುವ ಅಗತ್ಯ ಇಲ್ಲ.

ಆದರೆ ಕೌನ್ಸಿಲ್ ಮನೆಯನ್ನೇ ನಂಬಿಕೊಂಡು ಕೂತರೆ ಮಕ್ಕಳು ಕಾಲೇಜಿಗೆ ಹೋಗುವ ವಯಸ್ಸಾದೀತು. ಇಂಗ್ಲೆಂಡಿನಲ್ಲಿ ಈ ಪಟ್ಟಿಯಲ್ಲಿ ಕಾಯುತ್ತಿರುವ ಕುಟುಂಬಗಳು 13 ಲಕ್ಷಕ್ಕೂ ಜಾಸ್ತಿ. 1980ರಲ್ಲಿ ಥ್ಯಾಚರ್ ಸರ್ಕಾರ ಕೌನ್ಸಿಲ್ ಮನೆಗಳ ಬಾಡಿಗೆದಾರರಿಗೇ ಆ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಅಲ್ಲಿಂದ ಸುಮಾರು 20 ಲಕ್ಷ ಮನೆಗಳು ಮಾರಾಟವಾದವು. ಅದಕ್ಕೆ ತಕ್ಕಷ್ಟು ಹೊಸದನ್ನು ಯಾರೂ ಕಟ್ಟಲಿಲ್ಲ. ಹಾಗಾಗಿ ಹೋದ ತಕ್ಷಣ ಸಿಗುವುದು ತಾತ್ಕಾಲಿಕ ಕೋಣೆ, ಅದೂ ಬೇರೆ ಊರಿನಲ್ಲಿ ಇರಬಹುದು. ಕೆಲವು ಸಲ ಕೌನ್ಸಿಲ್‌ನವರೇ ಖಾಸಗಿ ಮಾಲೀಕರ ಮನೆ ತೋರಿಸುತ್ತಾರೆ. ಅದು ಬಂದರೆ ಮುಖ ಸಿಂಡರಿಸಬೇಡ. ಏಜೆಂಟನ ಕ್ರೆಡಿಟ್ ಪರೀಕ್ಷೆಯನ್ನು ದಾಟಿಕೊಂಡು ಹೋಗುವ ದಾರಿ ಅದು. ಸರಿಯಾದ ಕಾರಣವಿಲ್ಲದೆ ಬೇಡ ಅಂದರೆ ಅವರ ಹೊಣೆ ಅಲ್ಲಿಗೇ ಮುಗಿಯಬಹುದು.

ಈಗ ಏಜೆಂಟರ ಕಥೆ. ನಿನ್ನ ದಿವಾಳಿ ಗುಟ್ಟಾಗಿ ಉಳಿಯುವ ವಿಷಯವಲ್ಲ. ದಿವಾಳಿಯಾದವರ ಹೆಸರಿನ ಸರ್ಕಾರಿ ಪಟ್ಟಿ ಆನ್‌ಲೈನ್‌ನಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು. ಸಾಮಾನ್ಯವಾಗಿ 12 ತಿಂಗಳಿಗೆ ಡಿಸ್ಚಾರ್ಜ್, ಅಂದರೆ ದಿವಾಳಿಯಿಂದ ಬಿಡುಗಡೆ, ಆಗುತ್ತದೆ. ಅದಾಗಿ ಮೂರು ತಿಂಗಳಿಗೆ ಆ ಪಟ್ಟಿಯಿಂದ ಹೆಸರು ಹೋಗುತ್ತದೆ. ಆದರೆ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅನ್ನುವ, ಜನರ ಸಾಲದ ಚರಿತ್ರೆ ಇಡುವ ಕಂಪನಿಗಳ ಫೈಲುಗಳಲ್ಲಿ ಆದೇಶದ ದಿನದಿಂದ ಆರು ವರ್ಷ ಕೂತಿರುತ್ತದೆ. ನಾನು ನೋಡಿದ ಏಜೆನ್ಸಿಗಳಲ್ಲಿ ಹುಡುಗ ನಗುನಗುತ್ತಾ ಮನೆ ತೋರಿಸುತ್ತಿದ್ದ, ಮಾರನೇ ದಿನ 'ಮಾಲೀಕರು ಬೇರೆಯವರನ್ನು ಒಪ್ಪಿಕೊಂಡರು' ಅಂತ ಇಮೇಲ್ ಬರುತ್ತಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಂಡು ಏನು ಬಂತು? ಪರದೆಯ ಮೇಲೆ ಕೆಂಪು ಬಣ್ಣ ಬಂದರೆ ಆ ಹುಡುಗನೂ ಏನೂ ಮಾಡುವ ಹಾಗಿರುವುದಿಲ್ಲ.

ಅವರ ಲೆಕ್ಕ ಹೀಗಿರುತ್ತದೆ. ಬಾಡಿಗೆ ತಿಂಗಳಿಗೆ 1,500 ಪೌಂಡ್ ಅನ್ನು. ವರ್ಷದ ಸಂಬಳ ಅದರ 30 ಪಟ್ಟು, ಅಂದರೆ 45,000 ಇರಬೇಕು ಅನ್ನುವುದು ರೂಢಿ. ಇಲ್ಲದಿದ್ದರೆ ಗ್ಯಾರಂಟರ್ ಬೇಕು. ಅವರಿಗೆ ಹೆಚ್ಚಾಗಿ 36 ಪಟ್ಟು ಕೇಳುತ್ತಾರೆ, 54,000. ಅವರು ಈ ದೇಶದಲ್ಲೇ ಇರಬೇಕು ಅನ್ನುತ್ತಾರೆ. ನಾನೇ ನಿಲ್ಲುತ್ತಿದ್ದೆ ಮಾರಾಯ, ಆದರೆ ನನ್ನ ಆರು ವರ್ಷವೇ ಇನ್ನೂ ಮುಗಿದಿಲ್ಲ. ಇಬ್ಬರು ದಿವಾಳಿಗಳು ಒಬ್ಬರಿಗೊಬ್ಬರು ಜಾಮೀನು ಅಂದರೆ ಕಂಪ್ಯೂಟರೂ ನಕ್ಕೀತು.

ಡಿಪಾಸಿಟ್ ವಿಷಯದಲ್ಲಿ ಮಾತ್ರ ಈ ದೇಶ ವಾಸಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, 'ಮಾಂಸ ತಿನ್ನುತ್ತೀರಾ' ಅಂತಲೂ ಕೇಳಿಸಿಕೊಂಡು ಮನೆ ಹಿಡಿದವರು ನಾವು. ಇಲ್ಲಿ 2019ರಿಂದ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ವರ್ಷಕ್ಕೆ 50,000 ಪೌಂಡ್ ಬಾಡಿಗೆಯ ಬಂಗಲೆಗಳದು ಬೇರೆ, ಅದು ನಮಗೆ ಬೇಡ. ಮೇಲಿನ ಲೆಕ್ಕಕ್ಕೆ ಸುಮಾರು 1,730 ಪೌಂಡ್ ಆಗುತ್ತದೆ.

ಮೈಸೂರಿನಿಂದ ಅಣ್ಣ ದುಡ್ಡು ಕಳಿಸುತ್ತಾರೆ, ಆರು ತಿಂಗಳ ಬಾಡಿಗೆ ಒಟ್ಟಿಗೇ ಕೊಟ್ಟುಬಿಡುತ್ತೇನೆ ಅಂದೆಯಲ್ಲ, ಅದು ಹಳೇ ಉಪಾಯ. ನಮ್ಮಂಥವರೆಲ್ಲ ಹಾಗೇ ಮನೆ ಹಿಡಿಯುತ್ತಿದ್ದರು. 2026ರ ಮೇ 1ರಿಂದ ಹೊಸ ಬಾಡಿಗೆ ಕಾನೂನು ಬಂದು, ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ ಅಂತಾಯಿತು. ಬಾಡಿಗೆದಾರರಿಗೆ ಒಳ್ಳೆಯದಾಗಲಿ ಅಂತ ಮಾಡಿದ ಕಾನೂನು. ಕ್ರೆಡಿಟ್ ಕೆಟ್ಟವರಿಗೆ ಇದ್ದ ಒಂದು ಹಿಂಬಾಗಿಲೂ ಅದರಿಂದ ಮುಚ್ಚಿತು, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಇನ್ನೊಂದು ವಿಷಯ. ಡಿಸ್ಚಾರ್ಜ್ ಆಗುವ ಮೊದಲು ನಿನ್ನ ಖಾತೆಗೆ ದೊಡ್ಡ ಮೊತ್ತ ಬಂದರೆ 21 ದಿನಗಳೊಳಗೆ ಟ್ರಸ್ಟಿಗೆ ತಿಳಿಸಬೇಕು, ಅವರು ಅದನ್ನು ಸಾಲ ಕೊಟ್ಟವರಿಗೆ ಅಂತ ತೆಗೆದುಕೊಳ್ಳಬಹುದು. ಅಣ್ಣ ಬೆವರು ಸುರಿಸಿ ದುಡಿದ ದುಡ್ಡು. ಮೊದಲು ಟ್ರಸ್ಟಿಯನ್ನು ಕೇಳು, ಆಮೇಲೆ ಕಳಿಸಲಿ.

ನಿಮ್ಮ ಮನೆಯವರ ಹೆಸರಲ್ಲಿ ಒಪ್ಪಂದ ಮಾಡಿಸಬಹುದು, ಅವರು ದಿವಾಳಿಯಾಗಿಲ್ಲ, ಸಂಬಳವೂ ಇದೆ. ಆದರೆ ಮನೆ ಸಾಲ ಇಬ್ಬರ ಹೆಸರಲ್ಲಿದ್ದರೆ ಅವರ ಫೈಲಿಗೆ ನಿನ್ನ ಹೆಸರು ತಳುಕು ಹಾಕಿಕೊಂಡಿರುತ್ತದೆ. ಮನೆಯಲ್ಲಿ ಇರುವ ದೊಡ್ಡವರೆಲ್ಲರ ಹೆಸರನ್ನೂ ಏಜೆಂಟ್ ಕೇಳುತ್ತಾನೆ. ನಿನ್ನನ್ನು ಬಚ್ಚಿಟ್ಟು ಒಪ್ಪಂದ ಮಾಡಲು ಹೋಗಬೇಡಿ.

ನನಗೆ ಮನೆ ಸಿಕ್ಕಿದ್ದು ಏಜೆಂಟರನ್ನು ಬಿಟ್ಟ ಮೇಲೆ. ಒಂದೋ ಎರಡೋ ಮನೆ ಇಟ್ಟುಕೊಂಡು ತಾವೇ ಬಾಡಿಗೆಗೆ ಕೊಡುವ ಮಾಲೀಕರು ಹೌನ್ಸ್‌ಲೋ, ಸೌತಾಲ್, ಸ್ಲೌ ಕಡೆ ಬೇಕಾದಷ್ಟು ಇದ್ದಾರೆ. ದಿನಸಿ ಅಂಗಡಿಯ ಗಾಜಿನ ಮೇಲೆ ಅಂಟಿಸಿದ ಚೀಟಿ ನೋಡು, ಗುರುದ್ವಾರದಲ್ಲಿ, ದೇವಸ್ಥಾನದಲ್ಲಿ ಕೇಳು, ನಮ್ಮ ಕನ್ನಡ ಗುಂಪಿನವರಿಗೂ ನಾಚಿಕೆ ಬಿಟ್ಟು ಹೇಳು. ನಾನು ಮನೆ ನೋಡಲು ಹೋಗುವ ಮುಂಚೆಯೇ ಒಂದು ಪುಟ ಬರೆದು ಕೊಡುತ್ತಿದ್ದೆ: ಹೀಗೆ ದಿವಾಳಿಯಾದೆ, ಕಾರಣ ಇದು, ಡಿಸ್ಚಾರ್ಜ್ ಪತ್ರ ಇಲ್ಲಿದೆ, ಸಂಬಳದ ಚೀಟಿಗಳು ಇಲ್ಲಿವೆ, ದಿವಾಳಿಯ ವರ್ಷದಲ್ಲೂ ಬಾಡಿಗೆ ತಪ್ಪಿಸಿಲ್ಲ ಅನ್ನುವುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ಕೆಲವರು ಓದಿ ಬೇಡ ಅಂದರು. ನಿವೃತ್ತ ಬಸ್ ಡ್ರೈವರ್, ಪಂಜಾಬಿ ಯಜಮಾನರೊಬ್ಬರು ಸ್ಟೇಟ್‌ಮೆಂಟನ್ನು ಮಾತ್ರ ಬೆರಳಿಟ್ಟು ಓದಿದರು. ಆಮೇಲೆ ಬಾಯ್ಲರ್ ಹೇಗೆ ಹಚ್ಚುವುದು ಅಂತ ತೋರಿಸಲು ಶುರು ಮಾಡಿದರು.

ನಿನಗಿನ್ನೂ ಡಿಸ್ಚಾರ್ಜ್ ಆಗಿಲ್ಲ, ಹಾಗಾಗಿ ಈಗ ಕೈಯಲ್ಲಿರುವುದು ಸ್ಟೇಟ್‌ಮೆಂಟ್ ಒಂದೇ. ಆದಷ್ಟು ಮನೆ ಕಂತು ತಪ್ಪಿಸಬೇಡ. ಕ್ರೆಡಿಟ್ ಫೈಲ್ ಬಿಟ್ಟಿಯಾಗಿ ತರಿಸಿ ನೋಡು, ಹಳೇ ಸಾಲಗಳ ಎದುರು ಸರಿಯಾದ ತಾರೀಕು ಇದೆಯಾ ಅಂತ. ಮತದಾರರ ಪಟ್ಟಿಯಲ್ಲಿ ಹೆಸರು ಇರಲಿ. ಇಲ್ಲಿರುವ ಭಾರತದ ಪಾಸ್‌ಪೋರ್ಟಿನವರೂ ಸೇರಬಹುದು, ಬಹಳ ಜನರಿಗೆ ಗೊತ್ತೇ ಇಲ್ಲ. ಏನಾದರೂ ತೊಡಕು ಬಂದರೆ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಗಳಿಗೆ ಫೋನ್ ಮಾಡು, ದುಡ್ಡು ಕೊಡಬೇಕಿಲ್ಲ. ಫೇಸ್‌ಬುಕ್ಕಿನಲ್ಲಿ 'ಕ್ರೆಡಿಟ್ ರಿಪೇರಿ' ಅನ್ನುವವರ ಹತ್ತಿರ ಮಾತ್ರ ಹೋಗಬೇಡ.

ಶನಿವಾರ ಬೆಳಿಗ್ಗೆ ಬರುತ್ತೇನೆ. ಟ್ರಸ್ಟಿಯ ಪತ್ರಗಳು, ಸಂಬಳದ ಚೀಟಿ, ಮಕ್ಕಳ ಶಾಲೆಯ ಕಾಗದ ಎಲ್ಲ ಒಂದು ಕಡೆ ತೆಗೆದಿಟ್ಟಿರು. ಕೌನ್ಸಿಲ್ ಅರ್ಜಿ ಮೊದಲು ತುಂಬಿಸೋಣ, ಮಧ್ಯಾಹ್ನ ಅಂಗಡಿ ಬೀದಿಯಲ್ಲಿ ಚೀಟಿ ನೋಡಿಕೊಂಡು ಬರೋಣ. ಅಡುಗೆ ಏನೂ ಮಾಡಬೇಡಿ ಅಂತ ಮನೆಯಲ್ಲಿ ಹೇಳು, ಪುಳಿಯೋಗರೆ ಕಟ್ಟಿಸಿಕೊಂಡು ಬರುತ್ತೇನೆ.

ನಿನ್ನ ಗೆಳೆಯ