ಒಪ್ಪಂದ ವಾಷಿಂಗ್ಟನ್ ಜೊತೆಗೆ, ತೆರಿಗೆ ರಾಜ್ಯಕ್ಕೂ

ಮಾನ್ಯ ಸಂಪಾದಕರೇ,

ಸಂಶೋಧನೆಗೋ ಪಾಠ ಹೇಳಲೋ ಅಮೆರಿಕಕ್ಕೆ ಹೊರಟ ನಮ್ಮ ಮಕ್ಕಳಿಗೆ ಗೊತ್ತಿದ್ದವರೆಲ್ಲ ಒಂದು ಮಾತು ಹೇಳಿ ಕಳಿಸುತ್ತಾರೆ: ‘ಎರಡು ವರ್ಷ ತೆರಿಗೆ ಇಲ್ಲ, ಭಾರತ–ಅಮೆರಿಕ ಒಪ್ಪಂದ ಇದೆ.’ ಆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿಲ್ಲದೆ ನನ್ನ ಮಗಳು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅವಳು ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧಕಿಯಾಗಿದ್ದಳು. ಸೇರಿದಾಗಲೇ ಒಪ್ಪಂದದ ವಿನಾಯಿತಿ ಕೇಳುವ 8233 ಎಂಬ ಫಾರಂ ತುಂಬಿಕೊಟ್ಟಿದ್ದರಿಂದ ಸಂಬಳದಲ್ಲಿ ಅಲ್ಲಿನ ಕೇಂದ್ರದ ಆದಾಯ ತೆರಿಗೆ ಹಿಡಿಯಲಿಲ್ಲ. ಆದರೆ ರಾಜ್ಯದ ತೆರಿಗೆ ಹಿಡಿಯುತ್ತಲೇ ಇದ್ದರು. ‘ಇದು ತಪ್ಪಿ ಹಿಡಿದಿದ್ದು, ರಿಟರ್ನ್ಸ್ ಹಾಕಿದರೆ ವಾಪಸ್ ಬರುತ್ತೆ’ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೇ ಹಾಕಿದಳು, ದುಡ್ಡೂ ಬಂತು. ಅವಳು ಊರಿಗೆ ಮರಳಿದ ಮೇಲೆ, ಆ ಹಣವನ್ನು ಬಡ್ಡಿ ಸಮೇತ ಕಟ್ಟಬೇಕೆಂದು ನೋಟಿಸ್ ಬಂತು.

ಆ ರಾತ್ರಿ ಅವಳ ಕಾಗದಪತ್ರಗಳನ್ನೆಲ್ಲ ಹರಡಿಕೊಂಡು ಕೂತೆವು. ಡಬ್ಲ್ಯೂ-2 ಎಂಬ ಹಾಳೆಯೊಂದಿತ್ತು, ನಮ್ಮ ಫಾರಂ 16 ಇದ್ದ ಹಾಗೆ. ಅದರ 1ನೇ ಚೌಕ ಕೇಂದ್ರದ ತೆರಿಗೆಗೆ ಒಳಪಡುವ ಸಂಬಳದ್ದು, ಖಾಲಿ ಇತ್ತು. ಕೆಳಗಿನ 16ನೇ ಚೌಕ ರಾಜ್ಯದ ಲೆಕ್ಕದ್ದು. ಅಲ್ಲಿ ಇಡೀ ವರ್ಷದ ಸಂಬಳ ನಮೂದಾಗಿತ್ತು. ಉತ್ತರ ಮೊದಲಿನಿಂದಲೂ ಆ ಒಂದೇ ಹಾಳೆಯಲ್ಲಿತ್ತು. ಓದುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಭಾರತ–ಅಮೆರಿಕ ದ್ವಿತೆರಿಗೆ ತಡೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1989ರಲ್ಲಿ. ಅದರ 22ನೇ ವಿಧಿ ಅಧ್ಯಾಪಕರಿಗೂ ಸಂಶೋಧಕರಿಗೂ ಎರಡು ವರ್ಷದ ವಿನಾಯಿತಿ ಕೊಡುತ್ತದೆ. ಎಲ್ಲರೂ ಓದುವುದು ಅದನ್ನೇ. ಆದರೆ ಯಾವ ಯಾವ ತೆರಿಗೆಗೆ ಈ ಒಪ್ಪಂದ ಅನ್ವಯಿಸುತ್ತದೆ ಎನ್ನುವುದು 2ನೇ ವಿಧಿಯಲ್ಲಿದೆ, ಅಲ್ಲಿ ಅಮೆರಿಕದ ಕಡೆಯಿಂದ ಇರುವುದು ಫೆಡರಲ್, ಅಂದರೆ ಕೇಂದ್ರದ, ಆದಾಯ ತೆರಿಗೆ. ರಾಜ್ಯಗಳ ಆದಾಯ ತೆರಿಗೆಯ ಹೆಸರೇ ಇಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾ ಒಪ್ಪಂದವನ್ನು ಮುರಿಯಿತು ಎನ್ನುವಂತಿಲ್ಲ. ಕೇಂದ್ರ ಬಿಟ್ಟ ಸಂಬಳವನ್ನು ಅದು ತನ್ನ ಲೆಕ್ಕಕ್ಕೆ ಮತ್ತೆ ಕೂಡಿಸಿಕೊಳ್ಳುತ್ತದೆ. ನಮ್ಮವರು ಹೆಚ್ಚಾಗಿರುವ ನ್ಯೂಜೆರ್ಸಿಯದೂ, ಪೆನ್ಸಿಲ್ವೇನಿಯಾದ್ದೂ ಇದೇ ದಾರಿ. ನ್ಯೂಯಾರ್ಕ್ ರಾಜ್ಯದ ಲೆಕ್ಕ ಕೇಂದ್ರದ ಲೆಕ್ಕದಿಂದಲೇ ಶುರುವಾಗುವುದರಿಂದ ಅಲ್ಲಿ ವಿನಾಯಿತಿ ತಾನಾಗಿ ಸಿಗುತ್ತದೆ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯೇ ಇಲ್ಲ. ಹೀಗಾಗಿ ಟೆಕ್ಸಾಸ್‌ನಲ್ಲಿದ್ದ ಗೆಳೆಯನ ಅನುಭವ ನಂಬಿ ಕ್ಯಾಲಿಫೋರ್ನಿಯಾದಲ್ಲಿ ರಿಟರ್ನ್ಸ್ ಹಾಕಿದರೆ ಕೆಟ್ಟೆವು.

ನಾವು ಇಲ್ಲಿ ಎಡವುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದು ಮಾತ್ರ. ರಾಜ್ಯಕ್ಕೆ ಹೋಗುವುದು ವೃತ್ತಿ ತೆರಿಗೆ. ಅದಕ್ಕೆ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಒಂದು ದೇಶವೆಂದರೆ ಒಂದೇ ಆದಾಯ ತೆರಿಗೆ ಎಂದು ರೂಢಿಯಾದವರಿಗೆ, ಅದೇ ಸಂಬಳದ ಮೇಲೆ ರಾಜ್ಯವೂ ಬೇರೆಯಾಗಿ ರಿಟರ್ನ್ಸ್ ಕೇಳುತ್ತದೆ ಎನ್ನುವುದು ಹೊಳೆಯುವುದೇ ಇಲ್ಲ.

ನಮ್ಮ ಹೈಕೋರ್ಟ್ ಈ ವ್ಯತ್ಯಾಸವನ್ನು ಗುರುತಿಸಿದೆ ಎನ್ನುವುದು ನನಗೆ ಸಮಾಧಾನದ ಸಂಗತಿ. 2015ರಲ್ಲಿ ವಿಪ್ರೊ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಅಮೆರಿಕದ ರಾಜ್ಯಗಳಿಗೆ ಕಟ್ಟಿದ ಆದಾಯ ತೆರಿಗೆ ಒಪ್ಪಂದದಲ್ಲಿ ಇಲ್ಲದಿದ್ದರೂ 1961ರ ಆದಾಯ ತೆರಿಗೆ ಕಾಯ್ದೆಯ 91ನೇ ಕಲಂ ಅಡಿ ಅದಕ್ಕೆ ಇಲ್ಲಿ ಪರಿಹಾರ ಸಿಗಬೇಕು ಎಂದಿತು. ಆದರೆ ಅದು ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬಿದ್ದವರಿಗೆ. ನನ್ನ ಮಗಳಂತೆ ಅಲ್ಲೇ ದುಡಿದು ಅಲ್ಲೇ ಇದ್ದವರಿಗೆ ಅದರಿಂದ ಪ್ರಯೋಜನವಿಲ್ಲ.

ಒಪ್ಪಂದವನ್ನೇ ತಿದ್ದಿಸಿ ರಾಜ್ಯಗಳನ್ನೂ ಸೇರಿಸಬಹುದಲ್ಲ ಎಂದು ಕೆಲವರು ಕೇಳಿದರು. ಅದು ಸುಲಭವಲ್ಲ. ಅಮೆರಿಕ ಬ್ರಿಟನ್ ಜೊತೆ ಮಾಡಿಕೊಂಡ ತೆರಿಗೆ ಒಪ್ಪಂದದಲ್ಲಿ ಕಂಪನಿಗಳ ತೆರಿಗೆ ವಿಚಾರದಲ್ಲಿ ಅಮೆರಿಕದ ರಾಜ್ಯಗಳ ಕೈ ಕಟ್ಟುವ ಕಲಂ ಒಂದಿತ್ತು. 1978ರಲ್ಲಿ ಅಮೆರಿಕದ ಸೆನೆಟ್ ಅದಕ್ಕೆ ಒಪ್ಪಲಿಲ್ಲ. ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ವಿದೇಶಕ್ಕೆ ಕಳಿಸುವ ನಮ್ಮ ವಿಶ್ವವಿದ್ಯಾಲಯಗಳು, ಸಾವಿರಾರು ರೂಪಾಯಿ ಶುಲ್ಕ ಪಡೆಯುವ ಸಲಹಾ ಸಂಸ್ಥೆಗಳು ವೀಸಾ, ವಿಮೆ, ಚಳಿಯ ಬಟ್ಟೆಯ ಬಗ್ಗೆ ಹೇಳುವಾಗ ಹತ್ತು ನಿಮಿಷ ಇದಕ್ಕೂ ಕೊಡಲಿ: ಹೋಗುತ್ತಿರುವ ರಾಜ್ಯ ಒಪ್ಪಂದವನ್ನು ಒಪ್ಪುತ್ತದೆಯೇ, ಇಲ್ಲವೇ? ಎರಡು ವರ್ಷ ದಾಟಿ ಉಳಿದರೆ ಕೇಂದ್ರದ ವಿನಾಯಿತಿಯೂ ಮೊದಲ ದಿನದಿಂದಲೇ ಹೋಗುತ್ತದೆ ಎನ್ನುವುದನ್ನೂ ಹೇಳಲಿ.

ಮಕ್ಕಳು ಈಗಾಗಲೇ ಅಲ್ಲಿದ್ದರೆ, ತಂದೆ ತಾಯಂದಿರು ಇವತ್ತೇ ಫೋನ್ ಮಾಡಿ 16ನೇ ಚೌಕದಲ್ಲಿ ಏನಿದೆ ಎಂದು ಕೇಳಿ.

– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ